ಮುಯ್ಯಾಳಿನ ಊಟ

ಚನ್ನಗಿರಿಯಲ್ಲಿ ಬಸ್ಸಿಳಿದು ಕಸ್ತೂರಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಆ ಕಾಲದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಂಘದ ಮನೆಗಳು ಎಂದರೆ ಮಾತ್ರ ಬೀಡಾ ಅಂಗಡಿಯವನೂ ಕೈ ತೋರಿಸುತ್ತಿದ್ದ. ಶಿವಮೊಗ್ಗದ ರಸ್ತೆಯಲ್ಲಿ ಊರು ಮುಗಿದು ಜೋಳದ ಹೊಲಗಳು ಶುರುವಾಗುವ ಕಡೆ, ಎದುರುಬದುರು ಎರಡು ಸಾಲಿನಲ್ಲಿ ಹದಿನಾಲ್ಕು ಹೆಂಚಿನ ಮನೆಗಳಿದ್ದವು. ಎಲ್ಲಕ್ಕೂ ಒಂದೇ ಎತ್ತರ, ಒಂದೇ ಹಸಿರು ಬಣ್ಣದ ಬಾಗಿಲು, ಎದುರಿಗೆ ಒಂದೇ ಅಳತೆಯ ಮೋಟುಗೋಡೆ. ಕುಡಿದು ಬಂದವನು ಬೇರೆಯವರ ಮನೆಗೆ ನುಗ್ಗಿದರೆ ಅವನನ್ನು ಬೈಯುವ ಹಾಗೂ ಇಲ್ಲ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಅಲ್ಲಿ ಕುಡಿಯುವುದೂ ಸಂಘದ ನಿಯಮಕ್ಕೆ ವಿರುದ್ಧ, ಅದು ಬೇರೆ ಮಾತು.

ಆ ಸಾಲಿನ ಕೊನೆಯ ಮನೆಗೆ ಕಸ್ತೂರಮ್ಮ ಬಂದದ್ದು ಎಪ್ಪತ್ತಾರರಲ್ಲಿ, ಗಂಡ ತೀರಿಕೊಂಡ ಮರುವರ್ಷ. ಜಗಳೂರು ಸೀಮೆಯ ಸೊಕ್ಕೆಯಿಂದ ಒಂದು ಟ್ರಂಕು, ಬೀಸುವ ಕಲ್ಲು, ಮಗಳು ನೀಲಮ್ಮ ಮತ್ತು ಒಂದು ಎಮ್ಮೆಯ ಜೊತೆ ಬಂದಳು. ಎಮ್ಮೆ ಅಲ್ಲಿ ಒಂದು ರಾತ್ರಿ ಮಾತ್ರ ಇತ್ತು. ದನಕರು ಕಟ್ಟಬಾರದು ಎಂಬುದು ನಿಯಮ. ಮಾರನೆಯ ದಿನ ಅದನ್ನು ಊರೊಳಗಿನ ಹಾಲಿನವನಿಗೆ ಕೊಟ್ಟುಬಿಟ್ಟಳು. ಎಮ್ಮೆ ತಿರುಗಿ ತಿರುಗಿ ನೋಡಿತು ಎಂದು ನೀಲಮ್ಮ ಅತ್ತಳು. ಕಸ್ತೂರಮ್ಮ ಅಳಲಿಲ್ಲ. ಈ ಮನೆಯಲ್ಲಿ ಏನನ್ನಾದರೂ ಕೇಳುವ ಬಾಯಿ ತನಗಿಲ್ಲ ಎಂದು ಅವಳು ಬರುವ ಮುಂಚೆಯೇ ತೀರ್ಮಾನ ಮಾಡಿಕೊಂಡಿದ್ದಳು.

ಹಾಗೆ ತೀರ್ಮಾನ ಮಾಡಿಕೊಳ್ಳಲು ಕಾರಣವಿತ್ತು. ಆ ಮನೆಗಳನ್ನೆಲ್ಲ ಕಟ್ಟಿದ್ದು ಮುಯ್ಯಾಳಿನಿಂದ. ಮುಯ್ಯಾಳು ನಮ್ಮ ಕಡೆಯ ಹೊಲಗದ್ದೆಯ ಪದ್ಧತಿ. ಇವತ್ತು ನಿನ್ನ ಹೊಲದ ಕಳೆಗೆ ನಾನು ಬರುತ್ತೇನೆ, ನಾಳೆ ನನ್ನ ಹೊಲದ ಕಳೆಗೆ ನೀನು ಬಾ. ಕೂಲಿಯ ಮಾತಿಲ್ಲ. ಯಾರ ಹೊಲವೋ ಅವರ ಮನೆಯಲ್ಲಿ ಆ ದಿನದ ಊಟ. ಕರೆದಾಗ ಹೋಗದವನನ್ನು ಜನ ಎದುರಿಗೆ ಏನೂ ಅನ್ನುವುದಿಲ್ಲ, ಆದರೆ ಮುಂದೆ ಅವನ ಹೊಲದ ಬದುವಿಗೆ ಯಾರ ನೆರಳೂ ಬೀಳುವುದಿಲ್ಲ. ಹೊಲದ ಈ ಪದ್ಧತಿಯನ್ನು ಮನೆ ಕಟ್ಟುವುದಕ್ಕೆ ತಂದವರು ತಿಪ್ಪೇರುದ್ರಸ್ವಾಮಿ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಅವರೇ ಸಂಘದ ಅಧ್ಯಕ್ಷರು. ಗುಮಾಸ್ತರು, ಸಣ್ಣ ಅಂಗಡಿಯವರು, ಅಡಿಕೆ ಮಂಡಿಯಲ್ಲಿ ದುಡಿಯುವವರು ಹೀಗೆ ಹದಿನಾಲ್ಕು ಜನ ಸೇರಿ ಒಂದು ಹೊಲ ಕೊಂಡಿದ್ದರು. ಜಾಗ, ಕಲ್ಲು, ಹೆಂಚಿಗೇ ಎಲ್ಲರ ಗಂಟೂ ಕರಗಿತು. ಆಗ ಸ್ವಾಮಿಗಳು, ಗಾರೆ ಗಿಡ್ಡಪ್ಪನೊಬ್ಬನಿಗೆ ಕೂಲಿ ಕೊಡೋಣ, ಮಿಕ್ಕ ಕೆಲಸಕ್ಕೆ ನಾವೇ ಆಳಾಗೋಣ ಎಂದರು. ಭಾನುವಾರ ಭಾನುವಾರ ಎಲ್ಲರೂ ಬಂದು, ಚೀಟಿ ಎತ್ತಿದ ಸರದಿಯಂತೆ ಒಂದೊಂದೇ ಮನೆ ಎಬ್ಬಿಸುತ್ತ ಹೋದರು. ಕೊನೆಯ ಚೀಟಿ ಮರುಳಪ್ಪನಿಗೆ ಬಂತು.

ಮರುಳಪ್ಪ ಕಸ್ತೂರಮ್ಮನ ಗಂಡ. ಚನ್ನಗಿರಿಯ ಒಂದು ಮಂಡಿಯಲ್ಲಿ ಅಡಿಕೆ ತೂಗುವ ಕೆಲಸ. ಮಾತು ಕಮ್ಮಿ, ನಗು ಜಾಸ್ತಿ. ಹಾಸಿಗೆ ಹಿಡಿದ ತಾಯಿಯನ್ನೂ ಹೆಂಡತಿ ಮಗಳನ್ನೂ ಸೊಕ್ಕೆಯಲ್ಲಿ ಬಿಟ್ಟು ಮಂಡಿಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ. ಮೊದಲು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದವನು ಸಂಘ ಶುರುವಾದ ಮೇಲೆ ಅಮಾವಾಸ್ಯೆಗೋ ಹುಣ್ಣಿಮೆಗೋ ಬರುವಂತಾದ. ಕೇಳಿದರೆ, ಭಾನುವಾರ ಸಂಘದ ಕೆಲಸ ಐತೆ ಎಂದು ನಗುತ್ತಿದ್ದ. ಕಸ್ತೂರಮ್ಮನ ಅಣ್ಣ ಮುರುಗೇಶಪ್ಪ ಒಂದು ಭಾನುವಾರ ಬೀಜಕ್ಕೆಂದು ಚನ್ನಗಿರಿಗೆ ಹೋದವನು ಭಾವನನ್ನು ನೋಡಲು ಮಂಡಿಗೆ ಹೋಗಿದ್ದ. ಅಲ್ಲಿ ನಾಲ್ಕಾರು ಹಮಾಲರು ಇಸ್ಪೀಟು ಹರಡಿಕೊಂಡು ಕೂತಿದ್ದರು. ಮರುಳಪ್ಪ ಎಲ್ಲಿ ಎಂದರೆ, ಭಾನುವಾರ ಅವನು ಯಾರ ಕೈಗೂ ಸಿಗೋದಿಲ್ಲ ಎಂದು ನಕ್ಕರಂತೆ. ಮುರುಗೇಶಪ್ಪನಿಗೆ ಅಷ್ಟು ಸಾಕಾಯಿತು. ಇಲ್ಲಿ ಸಣ್ಣ ಆಟ ನಡೆಯುತ್ತಿದೆ, ಭಾವ ದೊಡ್ಡ ಆಟಕ್ಕೆ ಹೋಗಿದ್ದಾನೆ ಎಂದು ತಾನೇ ಲೆಕ್ಕ ಹಾಕಿ, ಊರಿಗೆ ಬಂದು ತಂಗಿಯ ಕಿವಿಯಲ್ಲಿ ಊದಿದ.

ಕಸ್ತೂರಮ್ಮ ಅದನ್ನು ನಂಬಿದಳು. ಪೂರ್ತಿ ನಂಬಿದಳು ಎಂದರೆ ತಪ್ಪಾಗುತ್ತದೆ, ಆದರೆ ಮನಸ್ಸಿನಿಂದ ತೆಗೆದುಹಾಕಲಿಲ್ಲ. ಗಂಡ ಊರಿಗೆ ಬಂದಾಗ ಅವನ ಅಂಗೈ ಬಿರಿದು ಸಿಪ್ಪೆ ಏಳುತ್ತಿದ್ದುದನ್ನು ಅವಳು ನೋಡಿದ್ದಳು. ಹರಳೆಣ್ಣೆ ಹಚ್ಚಿ ತಿಕ್ಕಿಯೂ ಇದ್ದಳು. ತಕ್ಕಡಿ ಹಿಡಿಯುವವನ ಕೈ ಹೀಗೇಕಾಯಿತು ಎಂದು ಒಂದು ಮಾತು ಕೇಳಲಿಲ್ಲ. ಮುನಿಸಿಕೊಂಡ ಹೆಂಗಸು ಎಣ್ಣೆ ಹಚ್ಚುತ್ತಾಳೆ, ಮಾತಾಡುವುದಿಲ್ಲ.

ಎಪ್ಪತ್ತೈದರಲ್ಲಿ ಮರುಳಪ್ಪನಿಗೆ ಕಾಮಾಲೆ ಬಂತು. ನಾಟಿ ಔಷಧ ಎಂದು ಎರಡು ವಾರ ಕಳೆದು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈ ಮೀರಿತ್ತು. ಅವನ ಪಾಲಿನ ಜಾಗದಲ್ಲಿ ಆಗ ಪಾಯದ ಗುಂಡಿ ಮಾತ್ರ ಇತ್ತು. ಸೊಕ್ಕೆಯಲ್ಲಿ ಸಮಾಧಿ ಮಾಡಿ ಬಂದ ಸಂಘದವರು ಮುಂದಿನ ಭಾನುವಾರದಿಂದಲೇ ಆ ಗುಂಡಿಗೆ ಕಲ್ಲು ಇಳಿಸಿದರು. ಗೋಡೆ ಎದ್ದಿತು, ಹೆಂಚು ಬಿತ್ತು. ಸೂತಕದ ಮನೆ ಎಂದು ಯಾರೂ ಊಟಕ್ಕೂ ಕಾಯಲಿಲ್ಲ, ತಮ್ಮ ತಮ್ಮ ಬುತ್ತಿ ತಾವೇ ತಂದುಕೊಂಡರಂತೆ. ಅಷ್ಟರಲ್ಲಿ ಸೊಕ್ಕೆಯಲ್ಲಿ ಅತ್ತೆಯೂ ತೀರಿಕೊಂಡಳು. ಕಸ್ತೂರಮ್ಮ ಬಂದ ದಿನ ತಿಪ್ಪೇರುದ್ರಸ್ವಾಮಿಗಳು ಬೀಗದ ಕೈ ಅವಳ ಕೈಗಿಟ್ಟು, ಸಂಘದವರೆಲ್ಲ ಸೇರಿ ಕಟ್ಟಿದ ಮನೆ ತಾಯಿ, ನೆನಪಿರಲಿ ಎಂದರು. ಅವರು ಹೇಳಿದ್ದು ಪ್ರೀತಿಯಿಂದಲೇ. ಅವಳಿಗೆ ಕೇಳಿಸಿದ್ದು ಬೇರೆ. ಯಾರ ಮನೆಯ ಮುಯ್ಯಾಳಿಗೂ ಹೋಗದೆ ಇಸ್ಪೀಟಿಗೆ ಕೂತವನ ಮನೆಯನ್ನು ಇವರು ಕಟ್ಟಿಕೊಟ್ಟರು, ಅವನ ಹೆಂಡತಿಗೆ ತಲೆಯ ಮೇಲೊಂದು ಸೂರು ಭಿಕ್ಷೆ ಹಾಕಿದರು ಎಂದು ಅವಳು ತಿಳಿದಳು. ನಾಚಿಕೆಯಿಂದ ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಅವಳಿಗೆ ಗೊತ್ತಿದೆ ಎಂದುಕೊಂಡು ಅವರೂ ಎತ್ತಲಿಲ್ಲ.

ಕಟ್ಟಿಸಿಕೊಂಡ ಮುಯ್ಯಾಳನ್ನು ತೀರಿಸುವುದು ಹೇಗೆ? ಕಸ್ತೂರಮ್ಮ ತನಗೆ ತಿಳಿದ ಹಾಗೆ ತೀರಿಸಲು ಹೊರಟಳು. ಯಾರ ಮನೆಯಲ್ಲಿ ಖಾರ ಕುಟ್ಟಬೇಕೋ, ಶಾವಿಗೆ ಹೊಸೆಯಬೇಕೋ, ಬಾಣಂತಿಗೆ ನೀರು ಹಾಕಬೇಕೋ ಅಲ್ಲಿ ಅವಳಿದ್ದಳು. ಕೂಲಿ ಕೊಡಲು ಬಂದರೆ ಬೇಡವೆನ್ನುತ್ತಿದ್ದಳು. ಮೊದಮೊದಲು ಆ ಹೆಂಗಸರು ಸಂಕೋಚಪಟ್ಟರು. ಆಮೇಲೆ ರೂಢಿಯಾಯಿತು. ಕಸ್ತೂರಮ್ಮನ್ನ ಕರಿರಿ, ಮಾಡ್ತಾಳೆ ಎನ್ನುವುದು ಆ ಸಾಲಿನ ಮಾತಾಯಿತು. ಹೊಟ್ಟೆಪಾಡಿಗೆ ಅಡಿಕೆಯ ಕಾಲದಲ್ಲಿ ಹಸಿ ಅಡಿಕೆ ಸುಲಿಯುವ ಕೆಲಸವಿತ್ತು. ಬೇರೆ ಕಡೆ ಹೆಂಗಸರು ಮನೆಗೇ ಕಾಯಿ ಹಾಕಿಸಿಕೊಂಡು, ಅಡುಗೆ ಮಾಡುತ್ತ, ಮಕ್ಕಳನ್ನು ನೋಡುತ್ತ ಸುಲಿಯುತ್ತಾರೆ. ಸಂಘದ ಮನೆಗಳಲ್ಲಿ ಸಿಪ್ಪೆ ಬೀಳಬಾರದು ಎಂಬ ನಿಯಮ. ಹಾಗಾಗಿ ಅವಳು ಮಗಳನ್ನು ಒಬ್ಬಳೇ ಬಿಟ್ಟು ಚೇಣಿ ಹಿಡಿದವರ, ಅಂದರೆ ತೋಟದ ಫಸಲು ಗುತ್ತಿಗೆ ಪಡೆದವರ, ಕಣಕ್ಕೆ ನಡೆದು ಹೋಗಿ ಸುಲಿದು ಬರುತ್ತಿದ್ದಳು. ಬಾಗಿಲ ಮುಂದೆ ಕೂರಲು ಒಂದು ಕಲ್ಲು ಹಾಕಿಸಬೇಕೆಂದಿದ್ದಳು. ಮುಂದೆ ಏನೂ ಚಾಚಬಾರದು ಎಂದರು. ಹಾಕಿಸಲಿಲ್ಲ.

ಹಾಗೆಂದು ಸಂಘವನ್ನು ಬೈದು ಕೈ ತೊಳೆದುಕೊಳ್ಳುವಂತಿಲ್ಲ. ಊರೆಲ್ಲ ಬೇಸಿಗೆಯಲ್ಲಿ ಕೊಡ ಹಿಡಿದು ಅಲೆಯುವಾಗ ಆ ಹದಿನಾಲ್ಕು ಮನೆಗಳಿಗೆ ತಮ್ಮದೇ ಕಲ್ಲು ಕಟ್ಟಿದ ಬಾವಿಯಿತ್ತು, ಅದರಲ್ಲಿ ಸದಾ ನೀರಿತ್ತು. ಸ್ವಾಮಿಗಳು ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿ ಬೀದಿಗೆ ದೀಪ ತಂದರು. ಎಂಬತ್ತೆರಡರಲ್ಲಿ ನೀಲಮ್ಮನ ಮದುವೆ ಹೊನ್ನಾಳಿಯ ಕಡೆಗೆ ಗೊತ್ತಾದಾಗ, ತಂದೆಯಿಲ್ಲದ ಹುಡುಗಿ ಎಂದು ಬೀಗರಿಗೆ ಅನ್ನಿಸದ ಹಾಗೆ ಸಂಘದವರು ನಿಂತರು. ಹಂಡೆ ಕೊಳಗ ಸಂಘದ್ದು, ಚಪ್ಪರ ಸಂಘದ್ದು, ಬಡಿಸಿದ ಕೈಗಳೂ ಸಂಘದವು. ಧಾರೆಯ ಹೊತ್ತಿನಲ್ಲಿ ಸ್ವಾಮಿಗಳು ತಾವೇ ಹುಡುಗಿಯ ತಂದೆಯ ಜಾಗದಲ್ಲಿ ನಿಂತಾಗ ಕಸ್ತೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇಂಥವರ ಮಾತಿಗೆ ಅವಳು ಹೇಗೆ ಎದುರಾಡಿಯಾಳು?

ಮಗಳು ಹೋದ ಮೇಲೆ ನಡುಮನೆಯ ಪಕ್ಕದ ಕೋಣೆ ಖಾಲಿಯಾಯಿತು. ಎಂಬತ್ತಮೂರರಲ್ಲಿ ಹೊನ್ನೂರಮ್ಮ ಬಂದಳು. ಸರ್ಕಾರಿ ಆಸ್ಪತ್ರೆಯ ನರ್ಸು, ಮೂವತ್ತರ ಒಳಗಿನ ವಯಸ್ಸು, ಮದುವೆಯಾಗಿರಲಿಲ್ಲ. ಜಗಳೂರು ಕಡೆಯವಳು ಎಂದು ತಿಳಿದು ಯಾರೋ ಕಸ್ತೂರಮ್ಮನ ಮನೆ ತೋರಿಸಿದ್ದರು. ಯಾವ ಊರು, ಯಾವ ಕೇರಿ ಎಂದು ಕಸ್ತೂರಮ್ಮ ಕೇಳಿದಳು. ಹೊನ್ನೂರಮ್ಮ ಮುಚ್ಚಿಡಲಿಲ್ಲ. ಊರ ಹೊರಗಿನ ಕೇರಿ ನಮ್ಮದು, ಆಗೋದಿಲ್ಲ ಅಂದ್ರೆ ಈಗ್ಲೇ ಹೇಳಿಬಿಡ್ರಿ ಎಂದಳು. ಕಸ್ತೂರಮ್ಮ ಆ ದಿನ ಏನೂ ಹೇಳದೆ ಕಳಿಸಿದಳು. ಅವಳೂ ಆ ನೆಲದಲ್ಲೇ ಬೆಳೆದವಳು, ಸೊಕ್ಕೆಯಲ್ಲಿ ಆ ಕೇರಿಯವರಿಗೆ ಎತ್ತರದಿಂದ ನೀರು ಸುರಿದವಳೇ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ತಾನೇ ಆಸ್ಪತ್ರೆಗೆ ಹೋಗಿ, ಬಾ ಎಂದಳು. ಯಾಕೆ ಹಾಗೆಂದಳೋ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮಾತಾಡಲು ಒಂದು ಜೀವ ಬೇಕಿತ್ತು, ಅಷ್ಟೇ ಇರಬಹುದು.

ಮೊದಲು ಒಲೆ ಎರಡಿತ್ತು. ಆಮೇಲೆ ಒಂದಾಯಿತು. ಇಬ್ಬರೂ ಕೂತು ಸಜ್ಜೆ ರೊಟ್ಟಿ ತಟ್ಟುತ್ತಿದ್ದರು, ನವಣೆ ಅನ್ನಕ್ಕೆ ಆಸೆಪಡುತ್ತಿದ್ದರು. ಮರುಳಪ್ಪನ ಫೋಟೋಕ್ಕೆ ಹೂವಿಡುವುದನ್ನು ಕಸ್ತೂರಮ್ಮ ಮರೆತರೆ ಹೊನ್ನೂರಮ್ಮ ನೆನಪಿಸುತ್ತಿದ್ದಳು. ಅಡಿಕೆ ಸುಲಿದು ಕೊಯ್ದುಕೊಂಡ ಬೆರಳಿಗೆ ಔಷಧ ಹಚ್ಚಿ, ನಾಳೆ ಹೋಗ್ಬ್ಯಾಡ ಅಕ್ಕ ಎಂದು ಗದರುತ್ತಿದ್ದಳು. ತನ್ನನ್ನು ಗದರುವವರು ಒಬ್ಬರಿದ್ದಾರೆ ಎಂಬುದು ಕಸ್ತೂರಮ್ಮನಿಗೆ ಎಷ್ಟು ಸುಖ ಕೊಡುತ್ತಿತ್ತು ಎಂದರೆ, ಬೇಕೆಂದೇ ಮರುದಿನ ಹೋಗಿ ಗದರಿಸಿಕೊಳ್ಳುತ್ತಿದ್ದಳು. ಸಾಲಿನ ಹೆಂಗಸರು ಸೂಜಿ ಹಾಕಿಸಿಕೊಳ್ಳಲು ಅಲ್ಲಿಗೇ ಬರುತ್ತಿದ್ದರು. ಸೂಜಿ ಹಾಕಿಸಿಕೊಂಡು, ನೀರು ಕುಡಿಯದೆ ಹೋಗುತ್ತಿದ್ದರು.

ಗಂಟು ಬಿದ್ದದ್ದು ಬಾವಿಯಲ್ಲಿ. ಹೊನ್ನೂರಮ್ಮ ಎಲ್ಲರಂತೆ ಬಾವಿಯಿಂದ ನೀರು ಸೇದಿದಳು. ಅವಳ ಕೇರಿಯ ಬಗ್ಗೆ ಅನುಮಾನವಿದ್ದರೂ ಒಂದೆರಡು ವರ್ಷ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಾವಿಯ ಕಟ್ಟೆ ಖಾಲಿಯಾಗತೊಡಗಿತು. ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ನಿಲ್ಲುತ್ತಿದ್ದರು. ಸಂಘದ ಸಭೆ ಸೇರಿತು. ಬಾವಿ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ, ಜಾತಿ ಎಂಬ ಮಾತಂತೂ ಬರಲೇ ಇಲ್ಲ. ಕಾರ್ಯದರ್ಶಿ ಜಂಪಣ್ಣ ಎದ್ದು, ಸಂಘದ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಇಡಬಾರದೆಂಬ ನಿಯಮ ಮುರಿದಿದೆ ಎಂದ. ಜಂಪಣ್ಣನ ಹಿಂದಿನ ಕೋಣೆಯಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ ಎರಡು ವರ್ಷದಿಂದ ಬಾಡಿಗೆಗಿದ್ದ. ಅದಕ್ಕೆ ಒಪ್ಪಿಗೆ ಕೇಳಿದ ನೆನಪು ಯಾರಿಗೂ ಇರಲಿಲ್ಲ, ಕೇಳಬೇಕೆಂದು ಯಾರಿಗೂ ತೋಚಲೂ ಇಲ್ಲ.

ಮರುದಿನ ತಿಪ್ಪೇರುದ್ರಸ್ವಾಮಿಗಳು ಕಸ್ತೂರಮ್ಮನ ಮನೆಗೆ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತು ಮಾತಾಡಿದರು. ನಿಯಮ ಒಬ್ಬರಿಗೆ ಸಡಿಲಿಸಿದರೆ ನಾಳೆ ಸಂಘವೇ ಉಳಿಯುವುದಿಲ್ಲ ಎಂದರು. ಆ ಹುಡುಗಿಯ ಮೇಲೆ ತಮಗೇನೂ ಇಲ್ಲ ಎಂದರು. ಕಸ್ತೂರಮ್ಮ ತಲೆ ತಗ್ಗಿಸಿ ನಿಂತೇ ಇದ್ದಳು. ಕೊನೆಗೆ ಅವರು ಮೆಲ್ಲಗೆ, "ಹೆಚ್ಚಿಗೆ ನಾನೇನ್ ಹೇಳ್ಲಿ ಕಸ್ತೂರಮ್ಮ? ಈ ಮನೆ ಹೆಂಗ್ ನಿಂತೈತೆ ಅಂತ ನಿಮಗೇ ಗೊತ್ತೈತಲ್ಲ" ಎಂದರು.

ಆ ಒಂದು ಮಾತಿಗೆ ಅವಳು ಆಗಲಿ ಎಂದು ತಲೆಯಾಡಿಸಿದಳು. ಸಂಜೆ ಹೊನ್ನೂರಮ್ಮ ಬಂದಾಗ ಏನು ಹೇಳುವುದೆಂದು ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ಹೊರಡಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಕೈ ಹಿಟ್ಟಿನಲ್ಲೇ ನಿಂತಿತು. ಹೊನ್ನೂರಮ್ಮನೇ ಪಕ್ಕದಲ್ಲಿ ಕೂತು, ಆಸ್ಪತ್ರೆ ಹತ್ರ ಒಂದು ಕೋಣೆ ನೋಡೀನಿ ಅಕ್ಕ, ರಾತ್ರಿ ಪಾಳಿಗೆ ಅನುಕೂಲ ಎಂದಳು. ಅವಳು ಹಾಗೆ ಸುಳ್ಳು ಹೇಳಿದ್ದಕ್ಕೆ ಕಸ್ತೂರಮ್ಮನಿಗೆ ಇನ್ನಷ್ಟು ಉರಿಯಿತು. ಇರು ಎನ್ನಬೇಕಿತ್ತು, ಎನ್ನಲಿಲ್ಲ. ಎರಡನೆಯ ದಿನ ಟ್ರಂಕು ಹೊತ್ತುಕೊಂಡು ಹೋದವಳು ತಿಂಗಳೊಪ್ಪತ್ತಿನಲ್ಲಿ ನ್ಯಾಮತಿಗೆ ವರ್ಗ ಮಾಡಿಸಿಕೊಂಡಳೆಂದು ಸುದ್ದಿ ಬಂತು. ಬಾವಿಯ ಕಟ್ಟೆಯಲ್ಲಿ ಮತ್ತೆ ಹೆಂಗಸರು ಸೇರಿದರು, ಗಲಗಲ ಮಾತು ಶುರುವಾಯಿತು. ಕಸ್ತೂರಮ್ಮ ಎಲ್ಲರೂ ಹೋದ ಮೇಲೆ ಹೋಗಿ ಸೇದಿಕೊಂಡು ಬರುತ್ತಿದ್ದಳು.

ಅದಾದ ಬೇಸಿಗೆಯಲ್ಲಿ ಸ್ವಾಮಿಗಳ ಮನೆಯಲ್ಲಿ ಸಂಡಿಗೆ ಇಡುವ ಕೆಲಸವಿತ್ತು. ಎಂದಿನಂತೆ ಕಸ್ತೂರಮ್ಮನಿಗೆ ಕರೆ ಬಂತು, ಎಂದಿನಂತೆ ಹೋದಳು. ಸ್ವಾಮಿಗಳ ಹೆಂಡತಿ ಸರ್ವಮಂಗಳಮ್ಮ ವಯಸ್ಸಾದವರು, ಒಳ್ಳೆಯ ಜೀವ, ಮಾತು ಸ್ವಲ್ಪ ಜಾಸ್ತಿ. ಮಧ್ಯಾಹ್ನ ಊಟಕ್ಕೆ ಕೂತಾಗ ಕಸ್ತೂರಮ್ಮ ಮನೆಯಿಂದ ತಂದಿದ್ದ ಗುರೆಳ್ಳು ಪುಡಿಯನ್ನು ಮುಂದಿಟ್ಟಳು. ಸರ್ವಮಂಗಳಮ್ಮ ಚೂರು ಬಾಯಿಗೆ ಹಾಕಿಕೊಂಡು ನಕ್ಕರು.

"ನೀನು ಈ ಊರಿಗೆ ಬರಾಕಿಂತ ಮುಂಚೆ ನಿನ್ನ ಗುರೆಳ್ಳು ಪುಡಿ ಬಂದಿತ್ತು ನೋಡು. ನಮ್ಮ ಮನೆ ಗೋಡೆ ಏಳುವಾಗ ಮರುಳಪ್ಪ ಭಾನುವಾರ ಭಾನುವಾರ ಕಟ್ಕಂಡು ಬರೋನು. ಎಲ್ಲರಿಗೂ ಹಂಚಿ ಉಣ್ಣೋನು."

ಕಸ್ತೂರಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನಿಮ್ಮ ಮನೆಯಲ್ಲಿ ಅವರು ಯಾಕೆ ಉಣ್ಣುತ್ತಿದ್ದರು ಎಂದು ಕೇಳಿದಳು.

"ಇದೇನ್ ಕೇಳ್ತಿಯೇ ಮಾರಾಯ್ತಿ? ಮುಯ್ಯಾಳಿಗೆ ಬಂದೋರಿಗೆ ಊಟ ಹಾಕದೆ ಕಳಿಸ್ತಾರಾ? ಒಂದು ಭಾನುವಾರ ತಪ್ಪಿಸ್ದೋನಲ್ಲ ಅವನು. ನಮ್ಮವರೇ ಎಷ್ಟೋ ಸಲ, ಊರಿಗೆ ಹೋಗಿ ಬಾರಪ್ಪ ಅಂತಿದ್ರು. ಕೊನೆ ಚೀಟಿ ನಂದು, ಎಲ್ಲರದ್ದೂ ಮುಗೀಲಿ, ಆಮ್ಯಾಲೆ ನನ್ನ ಹೆಂಡ್ತಿನ ಮನೆಗೇ ಕರ್ಕಂಡು ಬರ್ತೀನಿ ಅನ್ನೋನು."

ಕಸ್ತೂರಮ್ಮ ಎದ್ದು ಕೈ ತೊಳೆದಳು. ಸಂಡಿಗೆ ಅರ್ಧಕ್ಕೇ ಉಳಿಯಿತು. ಪಕ್ಕದ ಮನೆಗೆ ಹೋಗಿ, ನಿಮ್ಮ ಮನೆ ಕಟ್ಟುವಾಗ ನಮ್ಮವರು ಬಂದಿದ್ದರೇ ಎಂದು ಕೇಳಿದಳು. ಬಂದಿದ್ದರು. ಅದರ ಪಕ್ಕದ ಮನೆಯಲ್ಲಿ ಕೇಳಿದಳು, ಅಲ್ಲಿಗೂ ಬಂದಿದ್ದರು. ಒಬ್ಬಳು, ಅವನಿಗೆ ಮುದ್ದೆಗಿಂತ ರೊಟ್ಟಿ ಇಷ್ಟ ಎಂದಳು. ಇನ್ನೊಬ್ಬಳು, ನಮ್ಮ ಸೂರಿನ ತೊಲೆ ಜಾರಿದಾಗ ಹೆಗಲು ಕೊಟ್ಟು ನಿಂತವನು ಮರುಳಪ್ಪ ಎಂದಳು. ಮತ್ತೊಬ್ಬಳಿಗೆ, ಸುಣ್ಣದ ನೀರಿಗೆ ಬಿರಿದ ಅವನ ಅಂಗೈ ನೆನಪಿತ್ತು. ತುಪ್ಪ ಹಚ್ಚಿಕೋ ಎಂದು ಕೊಟ್ಟರೆ, ನಮ್ಮ ಮನೇಲಿ ಹಚ್ಚೋರಿದ್ದಾರೆ ಎಂದು ನಕ್ಕಿದ್ದನಂತೆ. ಅದನ್ನು ಕೇಳಿದ ಮೇಲೆ ಕಸ್ತೂರಮ್ಮ ಮುಂದಿನ ಮನೆಗೆ ಹೋಗಲಾರದೆ ನಡುಬೀದಿಯಲ್ಲಿ ಕೂತುಬಿಟ್ಟಳು. ಬೀದಿಯಲ್ಲಿ ಕೂರಬಾರದೆಂಬ ನಿಯಮ ಇತ್ತೋ ಇಲ್ಲವೋ, ಆ ದಿನ ಯಾರೂ ಅವಳನ್ನು ಏಳಿಸಲು ಹೋಗಲಿಲ್ಲ.

ಅವಳಿಗೆ ಎರಡು ದುಃಖ ಒಟ್ಟಿಗೆ ಬಂದವು. ಇಸ್ಪೀಟು ಎಂದು ನಂಬಿ ಒಂದು ಒಳ್ಳೆಯ ಮಾತಾಡದೆ ಕಳಿಸಿದ ಗಂಡ ಮಣ್ಣಿನಲ್ಲಿದ್ದ, ಅವನ ಹತ್ತಿರ ಹೋಗಿ ಏನೂ ಹೇಳುವಂತಿಲ್ಲ. ಇಲ್ಲದ ಸಾಲಕ್ಕೆ ಹೆದರಿ ಹೊರಗೆ ಕಳಿಸಿದ ಹೊನ್ನೂರಮ್ಮ ನ್ಯಾಮತಿಯಲ್ಲಿದ್ದಳು. ಅಲ್ಲಿಗೆ ಬಸ್ಸಿತ್ತು.

ಬಸ್ಸು ಹತ್ತುವ ಮುಂಚೆ ಅವಳು ಸ್ವಾಮಿಗಳ ಮನೆಗೆ ಹೋದಳು. ಈ ಸಲ ಬಾಗಿಲಲ್ಲಿ ನಿಂತವಳು ಅವಳು. ನಡೆದದ್ದನ್ನು ಹೆಂಡತಿಯಿಂದ ಕೇಳಿದ್ದ ಸ್ವಾಮಿಗಳ ಮುಖ ಇಳಿದಿತ್ತು. ತಾವು ಬೇಕೆಂದು ಮುಚ್ಚಿಟ್ಟದ್ದಲ್ಲ, ಅವಳಿಗೆ ಗೊತ್ತೇ ಇದೆ ಎಂದುಕೊಂಡಿದ್ದೆವು ಎಂದರು. ಅದು ನಿಜವೂ ಹೌದು. ಆದರೆ ಹೋಗುತ್ತ ಹೋಗುತ್ತ ಎಲ್ಲರಿಗೂ ಅದು ಮರೆತೇಹೋಗಿ, ಸಂಘ ದಾನ ಮಾಡಿದ ಮನೆ ಎಂದೇ ಆಗಿತ್ತು. ಮರೆತದ್ದರಿಂದ ಸಾಲಿನವರಿಗೆ ಖಾರ ಕುಟ್ಟುವ ಕೈಯೊಂದು ದಕ್ಕಿತ್ತು.

"ಗೊತ್ತಿದ್ದಿದ್ರೆ ನಾನು ಹೊನ್ನೂರಮ್ಮನ್ನ ಕಳಿಸ್ತಿರಲಿಲ್ಲ ಸ್ವಾಮ್ಯಾರೆ" ಎಂದಳು ಕಸ್ತೂರಮ್ಮ.

"ನಿಯಮ ಆಗ್ಲೂ ಇರ್ತಿತ್ತಲ್ಲಮ್ಮ."

"ಇರ್ತಿತ್ತು. ನಾನೂ ಇರ್ತಿದ್ದೆ."

ಅಷ್ಟು ಹೇಳಿ ಇಳಿದು ಬಂದಳು. ಅಷ್ಟು ವರ್ಷದಲ್ಲಿ ಅವಳು ಸಂಘಕ್ಕೆ ಎದುರಾಡಿದ ಮೊದಲ ಮಾತು ಅದು. ತಿರುಗಿ ನೋಡದೆ ಬಸ್ ನಿಲ್ದಾಣಕ್ಕೆ ನಡೆದಳು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಮಗಳ ಊರು ಹತ್ತಿರವೇ ಎಂದು ನೆನಪಾದರೂ ಅತ್ತ ಹೋಗಲಿಲ್ಲ. ನ್ಯಾಮತಿಯ ಆಸ್ಪತ್ರೆಯ ಹಿಂದೆ ಒಂದು ಕೋಣೆಯಲ್ಲಿ ಹೊನ್ನೂರಮ್ಮ ಬಟ್ಟೆ ಒಗೆದು ಹಿಂಡುತ್ತಿದ್ದಳು. ಕಸ್ತೂರಮ್ಮನನ್ನು ನೋಡಿ ಮೊದಲು ಕೇಳಿದ್ದು, ಬೆರಳು ಹೆಂಗೈತೆ ಅಕ್ಕ ಎಂದು. ಕಸ್ತೂರಮ್ಮ ಎಲ್ಲವನ್ನೂ ಹೇಳಿದಳು, ಇಸ್ಪೀಟಿನಿಂದ ಹಿಡಿದು ಗುರೆಳ್ಳು ಪುಡಿಯವರೆಗೆ. ಹೇಳಿ ಮುಗಿಸಿ, ಟ್ರಂಕು ಕಟ್ಟು, ಯಾರು ಏನು ಮಾಡ್ತಾರೋ ನೋಡ್ತೀನಿ ಎಂದಳು.

ಹೊನ್ನೂರಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಕೊಡವಿ ಹರವಿದಳು. ಆಮೇಲೆ ಹೇಳಿದಳು. "ಬ್ಯಾಡ ಅಕ್ಕ. ನೀನು ಒಂದಿನ ಜಗಳ ಆಡಿ ಗೆಲ್ತೀಯ. ಆಮ್ಯಾಲೆ ದಿನಾ ಬೆಳಿಗ್ಗೆ ಬಾವಿ ಹತ್ರ ಕೊಡ ಹಿಡ್ಕಂಡು ನಿಂತ್ಕಳಾಕಿ ನಾನು. ಅದು ನನಗೆ ಸಾಕಾಗೈತೆ."

ಕಸ್ತೂರಮ್ಮ ಗೋಡೆಗೆ ಒರಗಿ ಕೂತಳು. ತಾನು ಧೈರ್ಯ ಮಾಡಿ ಬಂದದ್ದೇ ದೊಡ್ಡದು ಎಂದುಕೊಂಡಿದ್ದಳು. ತಡವಾಗಿ ಬಂದ ಧೈರ್ಯಕ್ಕೆ ಬೆಲೆ ಕಮ್ಮಿ ಎಂಬುದು ಆ ಕೋಣೆಯಲ್ಲಿ ಕೂತು ಗೊತ್ತಾಯಿತು. ಕೊನೆಗೆ, ಇರಾಕೆ ಬ್ಯಾಡ, ಒಂದು ಊಟಕ್ಕೆ ಬಾ, ನಮ್ಮ ಮನೆಯ ಮುಯ್ಯಾಳಿನ ಊಟ ಬಾಕಿ ಐತೆ ಎಂದಳು. ಹೊನ್ನೂರಮ್ಮ ಅದಕ್ಕೆ ಒಪ್ಪಿದಳು.

ಮನೆ ಕಟ್ಟಿದವರಿಗೆ ಊಟ ಹಾಕಿರಲಿಲ್ಲ ಎಂಬ ಮಾತು ನಿಜವೇ ಆಗಿತ್ತು. ಊರಿಗೆ ಬಂದ ಮೇಲೆ ಕಸ್ತೂರಮ್ಮ ಮನೆಮನೆಗೆ ಹೋಗಿ ಭಾನುವಾರಕ್ಕೆ ಕರೆದಳು. ಹೊನ್ನೂರಮ್ಮ ಬರುತ್ತಾಳೆ, ಅಡುಗೆಗೆ ಬಾವಿಯಿಂದ ನೀರು ಅವಳೇ ಸೇದುತ್ತಾಳೆ, ಅದೇ ಪಂಕ್ತಿಯಲ್ಲಿ ಕೂರುತ್ತಾಳೆ ಎಂಬುದನ್ನೂ ಎಲ್ಲರಿಗೂ ಬಾಯಿ ಬಿಟ್ಟು ಹೇಳಿದಳು. ಯಾರನ್ನೂ ಮೋಸದಿಂದ ಉಣ್ಣಿಸುವ ಇಷ್ಟ ಅವಳಿಗಿರಲಿಲ್ಲ. ಹೇಳಿದ ಹಾಗೇ ಭಾನುವಾರ ಬೆಳಿಗ್ಗೆ ಇಬ್ಬರೂ ಬಾವಿಗೆ ಹೋದರು. ಒಬ್ಬಳು ಹಗ್ಗ ಎಳೆದಳು, ಒಬ್ಬಳು ಕೊಡ ಎತ್ತಿದಳು. ಎದುರಿನ ಮನೆಗಳ ಹಸಿರು ಬಾಗಿಲುಗಳು ಅರ್ಧರ್ಧ ತೆರೆದಿದ್ದವು.

ಜೋಳದ ರೊಟ್ಟಿ, ಕಾಳಿನ ಪಲ್ಯ, ನವಣೆ ಅನ್ನ, ಶಾವಿಗೆ ಪಾಯಸ, ಗುರೆಳ್ಳು ಪುಡಿ, ಮೊಸರು. ಎಲ್ಲರಿಗೂ ಆಗುವಷ್ಟು ಮಾಡಿದ್ದಳು. ಅರ್ಧದಷ್ಟು ಜನ ಬಂದರು. ಗಾರೆ ಗಿಡ್ಡಪ್ಪ ಎಲ್ಲರಿಗಿಂತ ಮೊದಲು ಬಂದು ಕೂತ. ಸರ್ವಮಂಗಳಮ್ಮ ಬಂದು ಬಡಿಸಲು ಸೆರಗು ಸಿಕ್ಕಿಸಿದರು. ಜಂಪಣ್ಣನ ಮನೆಯವರಿಗೆ ಆ ದಿನ ಎಲ್ಲರಿಗೂ ಒಟ್ಟಿಗೆ ಉಪವಾಸ ಬಂದಿತ್ತು. ಬಂದವರಲ್ಲೂ ಕೆಲವರು ಎಲೆಯ ಮೇಲಿನ ಕಣ್ಣು ಮೇಲೆತ್ತದೆ ಕೂತಿದ್ದರು. ತಿಪ್ಪೇರುದ್ರಸ್ವಾಮಿಗಳು ತಡವಾಗಿ ಬಂದರು. ಪಂಕ್ತಿಯಲ್ಲಿ ಕೂರಲಿಲ್ಲ, ಹೊಸ್ತಿಲ ಬಳಿ ಕೂತು, ಡಾಕ್ಟರು ಬೇಡ ಎಂದಿದ್ದಾರೆ ಎಂದು ಒಂದು ಬಟ್ಟಲು ಪಾಯಸ ಕುಡಿದರು. ಅಷ್ಟಾದರೂ ಬಂದರಲ್ಲ ಎಂದು ಆಮೇಲೆ ಕೆಲವರು, ಅಷ್ಟಕ್ಕೇ ಬಂದರಲ್ಲ ಎಂದು ಕೆಲವರು ಮಾತಾಡಿಕೊಂಡರು. ಬಾಡಿಗೆಯ ನಿಯಮವನ್ನು ಸಂಘ ಅಂದೂ ತೆಗೆಯಲಿಲ್ಲ, ಮುಂದೆಯೂ ತೆಗೆಯಲಿಲ್ಲ.

ಬಡಿಸುವ ಮುಂಚೆ ಕಸ್ತೂರಮ್ಮ ಮರುಳಪ್ಪನ ಫೋಟೋದ ಮುಂದೆ ಎಡೆ ಇಟ್ಟಳು. ಎಲ್ಲ ಮನೆಗಳ ಮುಯ್ಯಾಳಿನ ಊಟ ಉಂಡವನು ತನ್ನ ಮನೆಯಲ್ಲಿ ಒಂದು ಹೊತ್ತೂ ಉಂಡಿರಲಿಲ್ಲ. ಎರಡು ರೊಟ್ಟಿ ಹೆಚ್ಚಿಗೆ ಇಟ್ಟಳು, ಗುರೆಳ್ಳು ಪುಡಿಯ ಮೇಲೆ ಮೊಸರು ಹಾಕಿದಳು. ಊದುಬತ್ತಿ ಹಚ್ಚಿ, ಕೈ ಮುಗಿದು, ಅಷ್ಟು ವರ್ಷ ಕೇಳದೆ ಉಳಿದಿದ್ದ ಮಾತನ್ನು ಕೇಳಿದಳು. ಕೈ ನೋಯ್ತಿತ್ತೇನ್ರೀ ಎಂದಳು. ಪಕ್ಕದಲ್ಲಿದ್ದ ಸರ್ವಮಂಗಳಮ್ಮನಿಗೆ ಮಾತ್ರ ಅದು ಕೇಳಿಸಿತು.

ಎಡೆಯನ್ನು ಹೊರಗಿನವರಿಗೆ ಕೊಡುವ ಪದ್ಧತಿಯಿಲ್ಲ. ಮಗನೋ ಮಗಳೋ ಒಡಹುಟ್ಟಿದವರೋ, ಮನೆಯವರೇ ಅದನ್ನು ಉಣ್ಣುತ್ತಾರೆ. ನೀಲಮ್ಮ ಬಸುರಿ, ಬಂದಿರಲಿಲ್ಲ. ಕಸ್ತೂರಮ್ಮ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪಂಕ್ತಿಯ ನಡುವೆ ಬಂದಳು. ಎಲ್ಲರೂ ನೋಡುತ್ತಿದ್ದರು. ಅದನ್ನು ತಂದು ಹೊನ್ನೂರಮ್ಮನ ಮುಂದೆ ಇಟ್ಟಳು.

"ಅಕ್ಕ, ಇದು ಮನೆಯೋರು ಉಣ್ಣೋದು" ಎಂದಳು ಹೊನ್ನೂರಮ್ಮ, ಮೆಲ್ಲಗೆ.

"ಹೌದು, ಉಣ್ಣು" ಎಂದು ಕಸ್ತೂರಮ್ಮ ಅವಳ ಪಕ್ಕದಲ್ಲೇ ಕೂತು, ಆ ಎಲೆಯ ರೊಟ್ಟಿಯಲ್ಲಿ ಒಂದು ತುಂಡು ಮುರಿದುಕೊಂಡಳು.